ಹಳೇ ಟ್ರಾನ್ಸ್‌ಗೆ ಯಾವ ಸಿಂಥ್ ಒಳ್ಳೇದು?

“ತೊಂಬತ್ತರ ದಶಕದ ಟ್ರಾನ್ಸ್ ಥರಾ ಮಾಡ್ಬೇಕು, ಯಾವ ಸಾಫ್ಟ್‌ವೇರ್ ಸಿಂಥ್ ಹಾಕ್ಕೊಳ್ಲಿ?” ಅಂತ ನನ್ನನ್ನು ಕೇಳುವವರು ವರ್ಷಕ್ಕೆ ಇಬ್ಬರೋ ಮೂವರೋ ಸಿಗುತ್ತಾರೆ. ನಗಬೇಡಿ! ಮುಂಬಯಿ ಕನ್ನಡಿಗರಲ್ಲಿ ಯಕ್ಷಗಾನದ ಬಗ್ಗೆ ಹರಟೋಕೆ ನೂರು ಜನ ಸಿಗಬಹುದು, ಟೆಕ್ನೋ ಬಗ್ಗೆ ಹರಟೋಕೆ ಇಬ್ಬರು ಸಿಕ್ಕರೆ ಅದೇ ದೊಡ್ಡದು. ಇಪ್ಪತ್ತೆಂಟು ವರ್ಷದಿಂದ ಡೊಂಬಿವಿಲಿಯಲ್ಲಿದ್ದೇನೆ. ಹಗಲೆಲ್ಲ ಲೋಕಲ್ ಟ್ರೇನು, ಆಫೀಸು. ರಾತ್ರಿ ಊಟ ಆದಮೇಲೆ ಹತ್ತರಿಂದ ಹನ್ನೊಂದೂವರೆವರೆಗೆ ಕಿವಿಗೆ ಹೆಡ್‌ಫೋನು, ಎದುರಿಗೆ ಕಂಪ್ಯೂಟರು. ದಿನಕ್ಕೆ ಸಿಗೋದು ಆ ಒಂದೂವರೆ ಗಂಟೆ. ಅದರಲ್ಲಿ ಸಿಂಥ್ ಹುಡುಕೋದರಲ್ಲೇ ಒಂದು ಗಂಟೆ ಹೋದರೆ ಹಾಡು ಮಾಡೋದು ಯಾವಾಗ ಹೇಳಿ? ಅದಕ್ಕೇ ನನ್ನ ಉತ್ತರವನ್ನು ಒಂದ್ಸಲ ಬರೆದಿಡೋಣ ಅನ್ನಿಸಿತು. ಕಳೆದ ವರ್ಷಗಳಲ್ಲಿ ನಡೆದ ಒಂದು ಘಟನೆಯಿಂದ ಆ ಉತ್ತರ ಸ್ವಲ್ಪ ಬದಲಾಗಿದೆ ಕೂಡ. ಅದು ಆಮೇಲೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಸಿಂಥಸೈಜರ್ ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ. ಅದೇ ಕೆಲಸವನ್ನು ಲೆಕ್ಕಾಚಾರದಿಂದ ಮಾಡೋ ಪ್ರೋಗ್ರಾಂ ಸಾಫ್ಟ್‌ವೇರ್ ಸಿಂಥ್. ಒಂದು ಆಸಿಲೇಟರ್ ಗರಗಸದ ಹಲ್ಲಿನ ಆಕಾರದ ಅಲೆ ಹುಟ್ಟಿಸುತ್ತೆ, ಅದಕ್ಕೆ ‘ಸಾ’ ಅಂತಾರೆ (ನಮ್ಮ ಷಡ್ಜ ಅಲ್ಲ, ಗರಗಸ!). ಆ ಕರ್ಕಶ ದನಿಯನ್ನು ಫಿಲ್ಟರ್ ಅನ್ನೋದು ಸೋಸುತ್ತೆ. ದನಿ ಎಷ್ಟು ಬೇಗ ಏಳಬೇಕು, ಎಷ್ಟು ಬೇಗ ಆರಬೇಕು ಅನ್ನೋದನ್ನು ಎನ್ವಲಪ್ ನೋಡಿಕೊಳ್ಳುತ್ತೆ. ಇಷ್ಟು ತಿಳಿದರೆ ಮುಂದಿನದ್ದೆಲ್ಲ ಸುಲಭ.

ಈಗ ಪ್ರಶ್ನೆಗೆ ಬರೋಣ. ‘ಹಳೇ ಥರಾ’ ಅಂದರೆ ಯಾವ ಹಳೇದು? ನಾನು ಮೊದಲು ಕೇಳೋದೇ ಇದನ್ನ. ನಿಮ್ಮ ತಲೆಯಲ್ಲಿ ಗುಂಯ್‌ಗುಡೋ ಆ ದನಿ ಯಾವುದೋ ಒಂದು ನಿಜವಾದ ಪೆಟ್ಟಿಗೆಯಿಂದ ಬಂದದ್ದು. ಆ ಪೆಟ್ಟಿಗೆ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗೀತು.

ನೀರು ಕುದಿದ ಹಾಗೆ, ಬಾಯಿ ಮುಕ್ಕಳಿಸಿದ ಹಾಗೆ ಕುಯ್ಯಿಗುಡೋ ಬೇಸ್ ಬೇಕು ಅಂದರೆ ಅದು ರೋಲಂಡ್ ಟಿಬಿ-303. ಎಂಬತ್ತರ ದಶಕದ ಶುರುವಿನಲ್ಲಿ ಜಪಾನಿನ ರೋಲಂಡ್ ಕಂಪನಿ ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಜೊತೆ ಕೊಡೋಕೆ ಅಂತ ಇದನ್ನು ಮಾಡಿತು. ಬೇಸ್ ಗಿಟಾರಿನ ಥರಾ ಒಂಚೂರೂ ಕೇಳಿಸಲಿಲ್ಲ, ಮಾರಾಟವಾಗಲಿಲ್ಲ, 1984ರಲ್ಲಿ ತಯಾರಿಕೆ ನಿಂತೇಹೋಯಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಬಿದ್ದಿದ್ದ ಈ ಪೆಟ್ಟಿಗೆಯನ್ನು ಶಿಕಾಗೋದ ಫ್ಯೂಚರ್ ಅನ್ನೋ ತಂಡದ ಹುಡುಗರು ತಂದು ಅದರ ಗುಬುಟುಗಳನ್ನು ತಿರುಗಿಸುತ್ತಾ ಹತ್ತು ನಿಮಿಷಕ್ಕೂ ಉದ್ದದ ‘ಆ್ಯಸಿಡ್ ಟ್ರ್ಯಾಕ್ಸ್’ ಮಾಡಿದರು. ಅದು ಹೊರಬಂದದ್ದು 1987ರಲ್ಲಿ. ಇವತ್ತು ಅದೇ ಪೆಟ್ಟಿಗೆಗೆ ಲಕ್ಷಗಟ್ಟಲೆ ರೂಪಾಯಿ!

303 ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನಮ್ಮಲ್ಲೇ ಒಳ್ಳೇ ಉದಾಹರಣೆ ಇದೆ, ಮೋರ್ಸಿಂಗ್. ಮೋರ್ಸಿಂಗ್‌ನ ನಾಲಿಗೆ ಹೊರಡಿಸೋದು ಒಂದೇ ಶ್ರುತಿ. ಬಾಯಿಯ ಆಕಾರ ಬದಲಾದ ಹಾಗೆ ಬೇರೆಬೇರೆ ಬಣ್ಣ ಬರುತ್ತೆ. 303ರಲ್ಲಿ ಬಾಯಿಯ ಕೆಲಸ ಮಾಡೋದು ಫಿಲ್ಟರ್. ಕಟಾಫ್ ಅಂದರೆ ಬಾಯಿ ಎಷ್ಟು ತೆರೆದಿದೆ ಅನ್ನೋದು, ರೆಸೊನೆನ್ಸ್ ಅಂದರೆ ಆ ಜಾಗದಲ್ಲಿ ಎಷ್ಟು ಗುಂಯ್‌ಗುಡುತ್ತೆ ಅನ್ನೋದು. ಇದರ ಜೊತೆಗೆ ಸ್ವರದಿಂದ ಸ್ವರಕ್ಕೆ ಜಾರುವ ಸ್ಲೈಡು, ಒತ್ತಿ ಹೇಳುವ ಆ್ಯಕ್ಸೆಂಟು. ಸಾಫ್ಟ್‌ವೇರ್‌ನಲ್ಲಿ ಇದನ್ನು ಮಾಡೋದಿದ್ದರೆ ಸ್ಲೈಡ್ ಮತ್ತು ಆ್ಯಕ್ಸೆಂಟ್ ಎರಡೂ ನೆಟ್ಟಗಿದೆಯಾ ಅಂತಲೇ ನೋಡಿ. ಬರೀ ಸಾ ಅಲೆ, ಬರೀ ಫಿಲ್ಟರ್ ಇದ್ದರೆ ಆ ಕುಣಿತ ಬರಲ್ಲ. ಆಡಿಯೋರಿಯಲಿಸಂನ ಬೇಸ್ ಲೈನ್, ಡಿ16ರವರ ಫಾಸಿಯಾನ್ ಎರಡೂ ಈ ಕೆಲಸಕ್ಕೆ ಹೆಸರು ಮಾಡಿದವು. ರೋಲಂಡ್‌ನವರದ್ದೇ ಸಾಫ್ಟ್‌ವೇರ್ 303 ಕೂಡ ಇದೆ.

ಅಂದಹಾಗೆ, 303 ಇಟ್ಟುಕೊಂಡು ಶಿಕಾಗೋಕ್ಕಿಂತ ಐದು ವರ್ಷ ಮೊದಲೇ ರೆಕಾರ್ಡ್ ಮಾಡಿದ್ದು ಯಾರು ಗೊತ್ತಾ? ನಮ್ಮ ಮುಂಬಯಿಯ ಚರಣಜಿತ್ ಸಿಂಗ್! ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಕಲಾವಿದ. ಟಿಬಿ-303, ಟಿಆರ್-808 ಡ್ರಮ್ ಮೆಷಿನ್, ಜುಪಿಟರ್-8 ಮೂರನ್ನೂ ಜೋಡಿಸಿ ಭೈರವಿ, ಯಮನ್, ಮಾಲ್‌ಕೌಂಸ್ ಥರದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ 1982ರಲ್ಲಿ ಒಂದು ಎಲ್‌ಪಿ ಮಾಡಿದರು. ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಮೇಲೆ ಯೂರೋಪಿನವರು ಕೇಳಿ ಬಾಯಿಮೇಲೆ ಬೆರಳಿಟ್ಟುಕೊಂಡರು. ಶಿಕಾಗೋದ ಹುಡುಗರು ಇದನ್ನು ಕೇಳಿ ಕಲಿತರು ಅಂತಲ್ಲ, ಅದು ಬೇರೆ ದಾರಿ, ಇದು ಬೇರೆ ದಾರಿ. 2015ರಲ್ಲಿ ಅವರು ತೀರಿಕೊಂಡರು. ಮೂರೇ ಮೂರು ಪೆಟ್ಟಿಗೆಯಲ್ಲಿ ಒಂದಿಡೀ ಆಲ್ಬಮ್! ನನ್ನ ಕಂಪ್ಯೂಟರಿನಲ್ಲಿ ಪ್ಲಗಿನ್‌ಗಳ ಪಟ್ಟಿ ಉದ್ದವಾದಾಗಲೆಲ್ಲ ಇದು ನೆನಪಾಗುತ್ತೆ.

ಇನ್ನು ಟ್ರಾನ್ಸ್‌ನ ಆ ದೊಡ್ಡ, ಆಕಾಶ ತುಂಬೋ ದನಿ. ತೊಂಬತ್ತರ ಕೊನೆಯ ಹಾಡುಗಳಲ್ಲಿ ಡ್ರಮ್ ನಿಂತು, ಎಲ್ಲ ಮೌನವಾಗಿ, ಆಮೇಲೆ ಒಂದು ರಾಗ ಉಕ್ಕಿಬರುತ್ತಲ್ಲ, ಅದು. ಅದರ ಹೆಸರು ಸೂಪರ್‌ಸಾ. 1996ರ ರೋಲಂಡ್ ಜೆಪಿ-8000ದಲ್ಲಿ ಬಂತು. ಒಂದೇ ಸ್ವರಕ್ಕೆ ಏಳು ಸಾ ಅಲೆಗಳು, ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ಹೆಚ್ಚುಕಮ್ಮಿ. ಭಜನಾ ಮಂಡಳಿಯಲ್ಲಿ ಏಳು ಜನ ಒಟ್ಟಿಗೆ ಹಾಡಿದಾಗ ಒಬ್ಬರ ಶ್ರುತಿ ಇನ್ನೊಬ್ಬರಿಗೆ ಪೂರ್ತಿ ಕೂಡದೇ ಇರೋದರಿಂದಲೇ ಒಂದು ತುಂಬುದನಿ ಬರುತ್ತಲ್ಲ, ಅದೇ ಗುಟ್ಟು. ಇದರ ಒಳಗಿನ ಲೆಕ್ಕವನ್ನು ಸ್ವೀಡನ್ನಿನ ಆ್ಯಡಮ್ ಸಾಬೋ ಅನ್ನುವವರು 2010ರಲ್ಲಿ ತಮ್ಮ ಕಾಲೇಜು ಪ್ರಬಂಧದಲ್ಲಿ ಬಿಡಿಸಿಟ್ಟಿದ್ದಾರೆ. ಡಿಟ್ಯೂನ್ ಗುಬುಟು ಸಮಸಮವಾಗಿ ಏರಲ್ಲ, ಮೊದಲರ್ಧದಲ್ಲಿ ನಿಧಾನ, ಕೊನೆಗೆ ಒಮ್ಮೆಲೇ ಜಿಗಿಯುತ್ತೆ. ಏಳೂ ಅಲೆಗಳು ಪ್ರತಿಸಲ ಒಂದೇ ಬಿಂದುವಿನಿಂದ ಶುರುವಾಗಲ್ಲ. ಈ ಎರಡನೇ ವಿಷಯ ಮುಖ್ಯ. ಎಲ್ಲ ಅಲೆಯೂ ಒಟ್ಟಿಗೇ ಶುರುವಾದರೆ ಪ್ರತಿ ಸ್ವರದ ಮೊದಲಿಗೂ ‘ಟಕ್’ ಅಂತ ಹೊಡೆದ ಹಾಗಾಗುತ್ತೆ.

ಹಾಗಾದರೆ ಆಯ್ಕೆ ಮಾಡೋದು ಹೇಗೆ? ನಾನು ನಾಲ್ಕು ಪರೀಕ್ಷೆ ಮಾಡ್ತೀನಿ.

ಒಂದು, ಖಾಲಿ ಪ್ಯಾಚ್ ತೆಗೆದು, ಎಫೆಕ್ಟುಗಳನ್ನೆಲ್ಲ ಆರಿಸಿ, ಒಂದೇ ಸಾ ಅಲೆಯ ಕೆಳಗಿನ ಸ್ವರ ಹಿಡಿದು ಕೇಳೋದು. ಎಷ್ಟೋ ಸಿಂಥ್‌ಗಳ ಪ್ರೀಸೆಟ್ ಚೆನ್ನಾಗಿ ಕೇಳಿಸೋದು ರಿವರ್ಬ್, ಡಿಲೇಗಳ ದಯೆಯಿಂದ. ಒಗ್ಗರಣೆ ತೆಗೆದಮೇಲೆ ಸಾರು ಹೇಗಿದೆ ಅಂತ ನೋಡಬೇಕು!

ಎರಡು, ರೆಸೊನೆನ್ಸ್ ಏರಿಸಿ ಕಟಾಫ್ ನಿಧಾನ ತಿರುಗಿಸೋದು. ಎಣ್ಣೆ ಜಾರಿದ ಹಾಗೆ ಜಾರಬೇಕು, ಮೆಟ್ಟಿಲು ಹತ್ತಿದ ಹಾಗೆ ಕೇಳಿಸಬಾರದು.

ಮೂರು, ತುಂಬ ಮೇಲಿನ ಸ್ವರ ಹಿಡಿದು ಪಿಚ್ ಮೇಲಕ್ಕೆ ಎಳೆಯೋದು. ಸ್ವರ ಮೇಲೆ ಹೋಗ್ತಿರುವಾಗ ಹಿಂದಿನಿಂದ ಇನ್ನೊಂದು ಸಣ್ಣ ದನಿ ಕೆಳಕ್ಕೆ ಇಳಿದರೆ ಅದು ಅಲಿಯಾಸಿಂಗ್, ಲೆಕ್ಕ ತಪ್ಪಿದ ದನಿ. (ಜೆಪಿ-8000ದಲ್ಲೂ ಇದು ಸ್ವಲ್ಪ ಇತ್ತು ಅನ್ನೋದು ಬೇರೆ ಮಾತು. ಹಳೇ ದನಿಯಲ್ಲಿ ಇಂಥ ಕೊರತೆಗಳೂ ಸೇರಿವೆ.)

ನಾಲ್ಕು, ಸೂಪರ್‌ಸಾದಲ್ಲಿ ನಾಲ್ಕು ಸ್ವರ ಒಟ್ಟಿಗೆ ಒತ್ತಿ ಕಂಪ್ಯೂಟರ್ ಉಸಿರುಗಟ್ಟುತ್ತಾ ನೋಡೋದು. ಯು-ಹೀಯವರ ಡೀವಾದಂಥ ಸಿಂಥ್ ದನಿಯಲ್ಲಿ ರಾಜ, ಆದರೆ ಪ್ರೊಸೆಸರನ್ನು ಹಿಂಡಿಹಾಕುತ್ತೆ. ಸೈಲೆಂತ್1 ಅದಕ್ಕಿಂತ ಹಗುರ.

ಮೊದಲೆಲ್ಲ ನನ್ನ ಉತ್ತರ ಇಲ್ಲಿಗೆ ಮುಗೀತಿತ್ತು. ಈಗ ಐದನೇದೊಂದು ಪರೀಕ್ಷೆ ಸೇರಿದೆ.

ಪುಣೆಯಲ್ಲಿ ನನಗೊಬ್ಬ ಗೆಳೆಯನಿದ್ದ. ಗದಗ ಕಡೆಯವನು, ನನ್ನ ಹಾಗೇ ಕೆಲಸಕ್ಕೆ ಅಂತ ಬಂದು ಅಲ್ಲೇ ಬೇರೂರಿದವನು. 2003ರಿಂದ 2008ರವರೆಗೆ ಕೂತು ಮೂವತ್ತೊಂದು ಹಾಡು ಮಾಡಿದ್ದ. ಗೋವಾ ಟ್ರಾನ್ಸ್ ಅಂದ್ರೆ ಪ್ರಾಣ. ಆಮೇಲೆ ಮಗಳ ಓದು, ಮನೆ ಸಾಲ ಅಂತ ಬಿಟ್ಟ. 2023ರಲ್ಲಿ ಹೋಗಿಬಿಟ್ಟ, ಹಾರ್ಟ್ ಅಟ್ಯಾಕ್. ಐವತ್ತೆರಡು ವರ್ಷ. ಕೆಲವು ತಿಂಗಳಾದಮೇಲೆ ಮಗಳು ಫೋನ್ ಮಾಡಿ, ‘ಅಂಕಲ್, ಅಪ್ಪನ ಹಾಡಿನ ಹಾರ್ಡ್ ಡಿಸ್ಕ್ ಸಿಕ್ಕಿದೆ, ತೆಗೆದುಕೊಡ್ತೀರಾ?’ ಅಂದಳು.

ಹೋದೆ. ಫೈಲುಗಳೆಲ್ಲ ಇದ್ದವು. ತೆರೆದರೆ ಪರದೆ ಮೇಲೆ ಸ್ವರಗಳೂ ಕಾಣ್ತಿದ್ದವು, ಅವನು ಒಂದೊಂದಾಗಿ ಕೂರಿಸಿದ ಸ್ವರಗಳು. ಪ್ಲೇ ಒತ್ತಿದರೆ ಮೌನ! ಅವನು ಬಳಸಿದ್ದ ಸಿಂಥ್‌ಗಳು 32 ಬಿಟ್‌ನವು. ಯಾರೋ ಹವ್ಯಾಸಿಗಳು ಮಾಡಿ ಉಚಿತವಾಗಿ ಹಂಚಿದ್ದವು, ಮಾಡಿದವರು ಕೈಬಿಟ್ಟು ಎಷ್ಟೋ ವರ್ಷ ಆಗಿದೆ. ಈಗಿನ ಎಷ್ಟೋ ಸಾಫ್ಟ್‌ವೇರ್‌ಗಳು 32 ಬಿಟ್ ಪ್ಲಗಿನ್‌ಗಳನ್ನು ಮುಟ್ಟೋದೇ ಇಲ್ಲ. ಕ್ಯೂಬೇಸ್ 2016ರಲ್ಲಿ ಬಿಟ್ಟಿತು, ಆ್ಯಪಲ್ 2019ರಲ್ಲಿ ಬಿಟ್ಟಿತು. ಎರಡನ್ನೂ ಜೋಡಿಸೋ ಸೇತುವೆ ಪ್ರೋಗ್ರಾಂಗಳೇನೋ ಇವೆ, ಆದರೆ ದಾಟಿಸೋಕೆ ಮೂಲ ಪ್ಲಗಿನ್ನೇ ಬೇಕಲ್ಲ. ಹಳೇ ಕಂಪ್ಯೂಟರ್ ಗುಜರಿಗೆ ಹೋಗಿತ್ತು, ಪ್ಲಗಿನ್‌ಗಳು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಪೂರ್ತಿ ಹಾಡಾಗಿ ಎಂಪಿ3 ಮಾಡಿಟ್ಟಿದ್ದು ನಾಲ್ಕೇ.

ಆದರೆ ಪುಣ್ಯಾತ್ಮ ಒಂದು ಲಾಂಗ್‌ಬುಕ್ ಇಟ್ಟಿದ್ದ. ಮನೆಖರ್ಚಿನ ಲೆಕ್ಕದ ಹಿಂದಿನ ಪುಟಗಳಲ್ಲಿ ಕನ್ನಡದಲ್ಲೇ ಬರೆದಿದ್ದ: ‘ಸಾ ಎರಡು, ಒಂದು ಸ್ವಲ್ಪ ಮೇಲೆ. ಕಟಾಫ್ ಕಾಲು ಭಾಗ, ರೆಸೊ ಮುಕ್ಕಾಲು. ಡಿಕೇ ಗಿಡ್ಡ.’ ಹೀಗೆ ಒಂದೊಂದು ಹಾಡಿಗೂ. ಭಾನುವಾರ ಭಾನುವಾರ ನಾನು ಪುಣೆಗೆ ಹೋಗಿ, ಅವಳು ಪುಸ್ತಕ ಓದಿ ಹೇಳೋದು, ನಾನು ಸರ್ಜ್ ಎಕ್ಸ್‌ಟಿಯಲ್ಲಿ ಗುಬುಟು ತಿರುಗಿಸೋದು. ಎಂಪಿ3 ಇದ್ದ ನಾಲ್ಕು ಹಾಡಿನಲ್ಲಿ ಹೋಲಿಸಿ ನೋಡಿ ಅವನ ‘ಗಿಡ್ಡ’ ಅಂದರೆ ಎಷ್ಟು, ‘ಸ್ವಲ್ಪ’ ಅಂದರೆ ಎಷ್ಟು ಅಂತ ಕಂಡುಕೊಂಡ್ವಿ. ಆರನೇ ಭಾನುವಾರ ಒಂದು ಬೇಸ್ ಸರಿಯಾಗಿ ಕೂತಿತು. ಒಳಗಿಂದ ಅವರಮ್ಮ ಈಳಿಗೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತರು. ‘ಇದು ನೀನು ಹುಟ್ಟೋಕೆ ಮುಂಚಿಂದು’ ಅಂದರು ಮಗಳಿಗೆ. ಅಷ್ಟೇ.

ಮೂವತ್ತೊಂದರಲ್ಲಿ ಹತ್ತೊಂಬತ್ತು ಹಾಡಿಗೆ ದನಿ ಬಂತು. ಪೂರ್ತಿ ಅವನದೇ ದನಿ ಅನ್ನಲಾರೆ, ಆದರೆ ಗುರುತು ಹಿಡಿಯಬಹುದು. ಉಳಿದ ಹನ್ನೆರಡರಲ್ಲಿ ಅವನು ಯಾವುದೋ ದೊಡ್ಡ ಪ್ಯಾಕಿನ ರೆಡಿಮೇಡ್ ಪ್ರೀಸೆಟ್ ಹಾಕಿದ್ದ. ಪುಸ್ತಕದಲ್ಲಿ ಇರೋದು ‘ಪ್ಯಾಡ್ 117’ ಅಂತ ಒಂದು ನಂಬರ್. ಆ ನಂಬರಿನ ಹಿಂದೆ ಏನಿತ್ತೋ ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಾಗೋ ದಾರಿ ಇಲ್ಲ.

ಐದನೇ ಪರೀಕ್ಷೆ ಇದೇ ನೋಡಿ: ಈ ಸಿಂಥ್‌ನಲ್ಲಿ ಮಾಡಿದ ದನಿಯನ್ನು ನಾನು ಒಂದು ಹಾಳೆ ಮೇಲೆ ಬರೆದಿಡಬಲ್ಲೆನಾ? ಬೇರೆಯವರು ಅದನ್ನು ಓದಿ ಬೇರೆ ಸಿಂಥ್‌ನಲ್ಲಿ ಮತ್ತೆ ಮಾಡಬಲ್ಲರಾ? ಹೌದು ಅಂದರೆ ತಗೊಳ್ಳಿ. ಸಾಫ್ಟ್‌ವೇರ್ ಯಾವತ್ತೋ ಒಂದಿನ ಸಾಯುತ್ತೆ. ಎರಡು 303 ಒಂದೇ ಪರದೆ ಮೇಲೆ ಕೂತಿದ್ದ ರೀಬರ್ತ್ 1997ರಲ್ಲಿ ಬಂದಾಗ ನಾವೆಲ್ಲ ಕುಣಿದಾಡಿದ್ದೆವು, 2005ರಲ್ಲಿ ಅದನ್ನೂ ನಿಲ್ಲಿಸಿದರು. ಆದರೆ ‘ಸಾ ಎರಡು, ಕಟಾಫ್ ಕಾಲು ಭಾಗ’ ಅನ್ನೋದು ಸಾಯಲ್ಲ.

ಹಾಗಾಗಿ ಅಂಧೇರಿಯಲ್ಲಿ ನಾಲ್ಕು ಜನರ ಜೊತೆ ರೂಮ್ ಮಾಡಿಕೊಂಡು, ಮೊದಲ ಬೋನಸ್ ದುಡ್ಡಲ್ಲಿ ಸಾವಿರಾರು ಪ್ರೀಸೆಟ್‌ಗಳ ಬಂಡಲ್ ಕೊಳ್ಳೋಕೆ ಹೊರಟಿರೋ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟು. ಆ ದುಡ್ಡು ಊರಿಗೆ ಕಳಿಸಿ, ಇಲ್ಲಾ ಒಳ್ಳೇ ಹೆಡ್‌ಫೋನ್ ಕೊಳ್ಳಿ. ಮೊದಲ ಆರು ತಿಂಗಳು ಉಚಿತವಾದವೇ ಸಾಕು. ಜಪಾನಿನ ಇಚಿರೋ ಟೋಡಾ ಮಾಡಿದ ಸಿಂಥ್1 ಇದೆ. ಕೆಂಪು ಬಣ್ಣದ ನಾರ್ಡ್ ಲೀಡ್ 2ರ ಜಾಡಿನಲ್ಲಿ ಕಟ್ಟಿದ್ದು, ಎಲ್ಲ ಗುಬುಟು ಒಂದೇ ಪರದೆ ಮೇಲೆ. ಸರ್ಜ್ ಎಕ್ಸ್‌ಟಿ ಇದೆ. ಸರ್ಜ್ ಮೊದಲು ದುಡ್ಡಿನದಾಗಿತ್ತು, ಮಾಡಿದವರು 2018ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ಬಿಟ್ಟರೂ ಬೇರೆಯವರು ನಡೆಸಿಕೊಂಡು ಹೋಗಬಹುದು, ಹೋಗುತ್ತಲೂ ಇದ್ದಾರೆ. ಟಾಲ್‌ನವರ ನಾಯ್ಸ್‌ಮೇಕರ್ ಕೂಡ ಉಚಿತ. ಇವುಗಳಲ್ಲಿ ಒಂದನ್ನು ಹಿಡಿದು ಪೂರ್ತಿ ಕಲಿತಮೇಲೆ ಒಂದು 303, ಬೇಕಾದರೆ ಸೂಪರ್‌ಸಾಗೆ ಒಂದು, ದುಡ್ಡು ಕೊಟ್ಟೇ ಕೊಳ್ಳಿ. ಕ್ರ್ಯಾಕ್ ಮಾಡಿದ್ದು ಬೇಡ. ಇಂಥದ್ದನ್ನು ಒಬ್ಬರೋ ಇಬ್ಬರೋ ಕೂತು ಮಾಡೋದು, ಅವರೂ ನಮ್ಮ ಹಾಗೇ ಮನೆ ನಡೆಸಬೇಕು.

ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಬೇರೆಬೇರೆ ವೇವ್ ಫೈಲ್ ಮಾಡಿಡಿ. ಹತ್ತು ನಿಮಿಷದ ಕೆಲಸ. ಜೊತೆಗೊಂದು ಲಾಂಗ್‌ಬುಕ್ ಇರಲಿ, ನಾನಂತೂ ಶುರು ಮಾಡಿದ್ದೇನೆ, ಈಗ ಹದಿನೇಳನೇ ಪುಟ. ನಿಮ್ಮಲ್ಲೂ ಯಾರಾದರೂ ಹೀಗೆ ಕದ್ದುಮುಚ್ಚಿ ರಾತ್ರಿ ಹೊತ್ತು ಸಿಂಥ್ ತಿರುಗಿಸುವವರು ಇದ್ದೀರಾ? ಪುಣೆಯಲ್ಲೋ ಚೆನ್ನೈಯಲ್ಲೋ ದಿಲ್ಲಿಯಲ್ಲೋ? ಇದ್ದರೆ ಹೇಳಿ ಮಾರಾಯ್ರೆ, ಮಾತಾಡೋಕೆ ಇನ್ನೂ ಬೇಕಾದಷ್ಟಿದೆ.