ನೆಗೆಟಿವ್ ಕೋಣೆ

ಅಕ್ಕನ ಮೊಮ್ಮಗಳು ಫೋಟೊಗ್ರಫಿ ಓದುತ್ತಿದ್ದಾಳೆ. ಈ ವರ್ಷ ಮೂರು ಬಗೆಯ ಕೆಲಸ ಮಾಡಿ ತೋರಿಸಬೇಕಂತೆ: ದುಡ್ಡು ಕೊಡುವ ಗಿರಾಕಿಗೆ ಒಂದು, ಪ್ರವಾಸದ್ದು ಒಂದು, ಆಟೋಟದ್ದು ಒಂದು. ಮೊದಲನೆಯದಕ್ಕೆ ಮದುವೆಯೊಂದನ್ನು ಒಪ್ಪಿಕೊಂಡಿದ್ದಳು. ಹೆಣ್ಣಿನ ಕಡೆಯವರೊಂದಿಗೆ ಮಾಡಿಕೊಂಡ ಕರಾರುಪತ್ರವನ್ನು ನನಗೂ ಓದಲು ಕೊಟ್ಟಳು. ಮುಂಗಡ ಎಷ್ಟು, ಆಲ್ಬಮ್ ಯಾವಾಗ, ಡ್ರೋನಿಗೆ ಬೇರೆ ಎಷ್ಟು, ಎಲ್ಲ ಅಚ್ಚುಕಟ್ಟಾಗಿತ್ತು. ಕೊನೆಯ ಸಾಲು ಹೀಗಿತ್ತು: ಚಿತ್ರಗಳನ್ನು ಒಪ್ಪಿಸಿದ ಮೂರು ತಿಂಗಳ ನಂತರ ಮೂಲ ಫೈಲುಗಳನ್ನು ಅಳಿಸಲಾಗುವುದು.

"ಇದೇನಮ್ಮ?" ಎಂದೆ.

"ಎಲ್ರೂ ಹಾಗೇ ಬರೀತಾರೆ ತಾತ. ಸಾವಿರಗಟ್ಟಲೆ ಇರುತ್ತೆ, ಎಲ್ಲಿ ಇಟ್ಕೊಳ್ಳೋದು? ನಿಮ್ಮ ಸ್ಟುಡಿಯೋದಲ್ಲಿ ನೆಗೆಟಿವ್‌ಗಳನ್ನೆಲ್ಲ ಏನ್ ಮಾಡ್ತಿದ್ರಿ?"

ಬಾಯಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ.

ನಾನು ಕೆಲಸ ಕಲಿತದ್ದು 1980ರ ದಶಕದ ಆರಂಭದಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಗೆ ಕೂಗಳತೆಯಲ್ಲಿದ್ದ ಒಂದು ಮಹಡಿ ಸ್ಟುಡಿಯೋದಲ್ಲಿ. ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೆಳಗಿನಿಂದ ಹೂವಿನ ಸಾಲಿನ ಮಲ್ಲಿಗೆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಳಗಿನಿಂದ ಹೈಪೊ ಮತ್ತು ಅಸಿಟಿಕ್ ಆಸಿಡ್ಡಿನ ಹುಳಿ ಘಾಟು. ಬಾಗಿಲ ಹತ್ತಿರ ಎರಡೂ ಕೂಡುತ್ತಿದ್ದವು. ಇವತ್ತಿಗೂ ಮಲ್ಲಿಗೆಯನ್ನು ಮೂಸಿದರೆ ನನಗೆ ಏನೋ ಕಡಮೆಯಾದಂತೆ ಅನ್ನಿಸುತ್ತದೆ. ನಮ್ಮ ಉಗುರುಗಳು ಡೆವಲಪರಿನಲ್ಲಿ ಅದ್ದಿ ಅದ್ದಿ ಕಂದು ತಿರುಗಿರುತ್ತಿದ್ದವು. ಕೈ ನೋಡಿದರೆ ಕಸುಬು ಗೊತ್ತಾಗುತ್ತಿತ್ತು.

ಫಿಲ್ಮು ಸಿಕ್ಕಿದರೆ ಸಿಕ್ಕಿತು. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನವರ 'ಇಂದು', ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೊ, ಇವೇ ನಮ್ಮ ಅನ್ನ. ಕೊಡಾಕ್ ಟ್ರೈ-ಎಕ್ಸ್ ಬಂದ ದಿನ ಮೇಷ್ಟ್ರು ಅದನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಯಾಶಿಕಾ ಮ್ಯಾಟ್ 124 ಜಿ ಕ್ಯಾಮೆರಾದಲ್ಲಿ 120 ರೋಲು ಹಾಕಿದರೆ ಹನ್ನೆರಡು ಚಿತ್ರ. ಒಂದು ಮದುವೆಗೆ ಮೂರು ರೋಲು. ದೊಡ್ಡ ಮನೆತನವಾದರೆ ನಾಲ್ಕು. ಧಾರೆ, ಮಾಂಗಲ್ಯ, ಸಪ್ತಪದಿ, ಎರಡೂ ಕಡೆಯ ಗುಂಪು, ಅಜ್ಜಿಯರದ್ದು ಕಡ್ಡಾಯವಾಗಿ ಒಂದು. "ಅಜ್ಜೀದು ಮೊದಲು ತೆಗಿ, ಮದುಮಕ್ಕಳು ನಾಳೆಗೂ ಸಿಗ್ತಾರೆ" ಅನ್ನುತ್ತಿದ್ದರು ಮೇಷ್ಟ್ರು. ಕ್ರೂರವಾಗಿ ಕೇಳಿಸುವ ಈ ಮಾತು ಎಷ್ಟು ಮನೆಗಳಲ್ಲಿ ಒದಗಿಬಂತೋ!

ಮಾಂಗಲ್ಯಧಾರಣೆಗೆ ಅವರು ಪುರೋಹಿತರ ಎದುರು ಮಂಡಿಯೂರಿ ಕೂತರೆ ಅಲ್ಲಾಡುತ್ತಿರಲಿಲ್ಲ. ಗಟ್ಟಿಮೇಳ ಶುರುವಾದಾಗ ಎಲ್ಲರೂ ಅಕ್ಷತೆ ಎಸೆಯುವ ಗಡಿಬಿಡಿಯಲ್ಲಿದ್ದರೆ, ಇವರು ಹುಡುಗಿಯ ತಾಯಿಯ ಕಣ್ಣನ್ನೇ ನೋಡುತ್ತಿದ್ದರು. ತಾಯಿಯ ಮುಖ ಬದಲಾದ ಕ್ಷಣಕ್ಕೆ ಕ್ಲಿಕ್, ಒಂದೇ ಸಲ. ಕತ್ತಲೆ ಛತ್ರಗಳಲ್ಲಿ ಫ್ಲಾಶ್ ಬಳಸಲು ಅವರಿಗೆ ಮನಸ್ಸಿರುತ್ತಿರಲಿಲ್ಲ. ಅಂಗಳದ ಬಿಸಿಲಿನಲ್ಲಿ ನನ್ನನ್ನು ನಿಲುವುಗನ್ನಡಿ ಹಿಡಿಸಿ ನಿಲ್ಲಿಸಿ, ಬೆಳಕನ್ನು ಕಿಟಕಿಯಿಂದ ಒಳಗೆ ಹಾಯಿಸಿ, ಎದುರು ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಬೀಳಿಸುತ್ತಿದ್ದರು. ಆ ಮೆತ್ತನೆಯ ಬೆಳಕಿನಲ್ಲಿ ಮದುಮಗಳು ಕೂರಬೇಕು. ಈ ಉಪಾಯ ಅವರ ಸ್ವಂತದ್ದಲ್ಲ. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಗೆ ಹಾಯಿಸಿದ್ದರಲ್ಲ, ಆ ಕತೆಯನ್ನು ಮೇಷ್ಟ್ರು ಪುರಾಣ ಹೇಳುವ ಭಕ್ತಿಯಿಂದ ಹೇಳುತ್ತಿದ್ದರು. ಸೂರ್ಯ ಸರಿದಂತೆ ನಾನೂ ಅಂಗಳದಲ್ಲಿ ಸರಿಯಬೇಕಿತ್ತು.

ಆ ಕಾಲವನ್ನು ಬರೀ ಹೊಗಳಿದರೆ ಸುಳ್ಳಾದೀತು. ಕಪ್ಪಗಿರುವ ಹುಡುಗಿಯ ಫೋಟೊ ಗಂಡಿನ ಮನೆಗೆ ಹೋಗಬೇಕೆಂದರೆ, ರೀಟಚ್ ಮೇಜಿನ ಮೇಲೆ ಚೂಪು ಪೆನ್ಸಿಲು ಹಿಡಿದು ನೆಗೆಟಿವಿನ ಮೇಲೆ ಗಂಟೆಗಟ್ಟಲೆ ಗೀಚಿ ಅವಳನ್ನು ಬೆಳ್ಳಗೆ ಮಾಡುತ್ತಿದ್ದೆವು. ಅಪ್ಪ ಅಮ್ಮಂದಿರೇ ಕೇಳುತ್ತಿದ್ದರು, ಹುಡುಗಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಹೆಣ್ಣುಮಕ್ಕಳಿಗೆ ಡಾರ್ಕ್‌ರೂಮಿನೊಳಗೆ ಪ್ರವೇಶವೇ ಇರಲಿಲ್ಲ. ಅಕ್ಕನ ಮೊಮ್ಮಗಳು ಆಗ ಹುಟ್ಟಿದ್ದರೆ ಫೋಟೊ ತೆಗೆಸಿಕೊಳ್ಳಲು ಮಾತ್ರ ಆ ಮೆಟ್ಟಿಲು ಹತ್ತಬಹುದಿತ್ತು. ಕಲಿಯುವ ಹುಡುಗರಿಗೆ ಸಂಬಳ ಅಂತಲೂ ಇರಲಿಲ್ಲ, ಮಧ್ಯಾಹ್ನದ ತಿಂಡಿ ಮತ್ತು ಬಸ್ಸಿನ ಚಾರ್ಜು.

ಆದರೂ ಸ್ಟುಡಿಯೋದ ಹಿಂದೆ ಒಂದು ಕೋಣೆ ಇತ್ತು. ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ.

ಕಿಟಕಿಯಿಲ್ಲದ ಕೋಣೆ. ಮೇಲಿನಿಂದ ಕೆಳಗಿನವರೆಗೆ ಮರದ ಗೂಡುಗಳು. ಕೆಳಗಿನ ಸಾಲುಗಳಲ್ಲಿ ಮೇಷ್ಟ್ರ ತಂದೆಯ ಕಾಲದ ಗಾಜಿನ ಪ್ಲೇಟುಗಳು, ಅದರ ಮೇಲೆ ಕಟ್ ಫಿಲ್ಮುಗಳು, ಮೇಲೆ ರೋಲುಗಳನ್ನು ಕತ್ತರಿಸಿ ಬಟರ್ ಪೇಪರಿನ ಲಕೋಟೆಗಳಲ್ಲಿ ಹಾಕಿಟ್ಟದ್ದು. ಪ್ರತಿ ಲಕೋಟೆಗೂ ನಂಬರು. ಅದೇ ನಂಬರು ಕೆಂಪು ಬಟ್ಟೆಯ ರಟ್ಟಿನ ರಿಜಿಸ್ಟರಿನಲ್ಲಿ, ಪಕ್ಕದಲ್ಲಿ ಹೆಸರು, ಬೀದಿ, ತಾರೀಖು. ಅದೇ ನಂಬರು ಪ್ರಿಂಟಿನ ಬೆನ್ನಿಗೂ ರಬ್ಬರ್ ಸ್ಟಾಂಪಿನಲ್ಲಿ. ಹೊಸದಾಗಿ ಸೇರಿದವನಿಗೆ ಮೊದಲು ಕ್ಯಾಮೆರಾ ಕೊಡುತ್ತಿರಲಿಲ್ಲ, ರಿಜಿಸ್ಟರು ಕೊಡುತ್ತಿದ್ದರು. ಅಕ್ಷರ ದುಂಡಗಾಗುವವರೆಗೆ ಬರೆಸುತ್ತಿದ್ದರು. ಗಿರಾಕಿ ದುಡ್ಡು ಕೊಟ್ಟಿರುವುದು ಒಂದು ಕಾಗದಕ್ಕಲ್ಲ, ಈ ಗೂಡಿನಲ್ಲಿ ಒಂದು ಜಾಗಕ್ಕೆ ಅನ್ನುವುದು ಅವರ ಲೆಕ್ಕ.

ಒಂದು ಮಳೆಗಾಲದ ಸಂಜೆ ನಂಜನಗೂಡಿನ ಕಡೆಯ ಹೆಂಗಸೊಬ್ಬರು ಬಂದರು. ಗಂಡ ಹೋಗಿ ಹತ್ತು ದಿನವಾಗಿತ್ತು. ಮನೆಯಲ್ಲಿ ಅವರದ್ದು ಒಂದೂ ಫೋಟೊ ಇಲ್ಲ. ಯಾವುದೋ ಕಾಲದಲ್ಲಿ ತಮ್ಮನ ಮದುವೆಯಲ್ಲಿ ಗುಂಪಿನಲ್ಲಿ ನಿಂತಿದ್ದರಂತೆ, ಆ ಮದುವೆಗೆ ನಮ್ಮ ಸ್ಟುಡಿಯೋದವರೇ ಬಂದಿದ್ದರಂತೆ. ವರ್ಷ ಗೊತ್ತಿಲ್ಲ, ಕಾವೇರಿ ಉಕ್ಕಿ ಬಂದ ವರ್ಷ ಅಂದರು. ಮೇಷ್ಟ್ರು ರಿಜಿಸ್ಟರುಗಳನ್ನು ಇಳಿಸಿ ನೆಲದ ಮೇಲೆ ಹರಡಿದರು. ತಮ್ಮನ ಹೆಸರು, ಊರು, ಛತ್ರ. ರಾತ್ರಿಯಾಗುವ ಹೊತ್ತಿಗೆ ನಂಬರು ಸಿಕ್ಕಿತು. ನೆಗೆಟಿವನ್ನು ಎನ್‌ಲಾರ್ಜರಿಗೆ ಹಾಕಿ ತಲೆಯನ್ನು ಮೇಲಕ್ಕೆ ಮೇಲಕ್ಕೆ ಏರಿಸಿದರು. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ಕಡಲೆಕಾಳಿನಷ್ಟು ಇದ್ದ ಮುಖ ಅಂಗೈಯಗಲ ಆಯಿತು. ಕೆಂಪು ದೀಪದಲ್ಲಿ ಕಾಗದದ ಮೇಲೆ ಮೊದಲು ಮೀಸೆ ಮೂಡಿತು, ಆಮೇಲೆ ಕಣ್ಣು. ಆಯಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರು ಒದ್ದೆ ಪ್ರಿಂಟನ್ನು ಹಾಗೇ ತಟ್ಟೆಯಲ್ಲಿಟ್ಟು ತಂದು ತೋರಿಸಿದರು. ದುಡ್ಡು ತೆಗೆದುಕೊಂಡರು, ಅದೂ ಮಾಮೂಲು ರೇಟು. ಪುಕ್ಕಟೆ ಕೊಟ್ಟರೆ ದಾನವಾಗುತ್ತೆ, ಇದು ಅವರ ಹಕ್ಕು ಅಂದರು.

ಪ್ರವಾಸದ ಕೆಲಸ ನಮಗೆ ಅಪರೂಪ. ಯಾವುದಾದರೂ ವಾರಪತ್ರಿಕೆಯ ವಿಶೇಷಾಂಕಕ್ಕೋ ಕ್ಯಾಲೆಂಡರಿಗೋ ಬೇಕಾದಾಗ ಹೊಸಪೇಟೆಗೆ ರಾತ್ರಿ ಬಸ್ಸು ಹತ್ತುತ್ತಿದ್ದೆವು. ಹಂಪಿಯಲ್ಲಿ ಮೇಷ್ಟ್ರು ಮೊದಲು ಕರೆದೊಯ್ದದ್ದು ಕಲ್ಲಿನ ರಥಕ್ಕಲ್ಲ, ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಗೆ. ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ನಿಲ್ಲಿಸಿತ್ತು. ಲೆನ್ಸ್ ಇಲ್ಲ, ಷಟರ್ ಇಲ್ಲ. ನನ್ನ ಫೋಟೊಗ್ರಫಿಯ ಪಾಠ ಪೂರ್ತಿಯಾದದ್ದು ಆ ಗೋಡೆಯೆದುರು.

ರಥಕ್ಕೆ ಹೋದಾಗ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿಯ ಕತೆ ಹೇಳಿದರು. ಆತ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳನ್ನಿಟ್ಟುಕೊಂಡು ಹಂಪಿಯ ಚಿತ್ರ ತೆಗೆದಿದ್ದ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ರಥದ ಮೇಲೆ ಅದಿಲ್ಲ. ಕಾಗದದ ನೆಗೆಟಿವು ಉಳಿಯಿತು, ಇಟ್ಟಿಗೆ ಉಳಿಯಲಿಲ್ಲ. ಮೇಷ್ಟ್ರು ಆಮೇಲೆ ಹಂಪಿ ಬಜಾರಿನ ಸಾಲುಮಂಟಪಗಳಿಗೆ ನಡೆದರು. ಆಗ ಆ ಮಂಟಪಗಳಲ್ಲಿ ಸಂಸಾರಗಳಿದ್ದವು: ಕಲ್ಲುಕಂಬಗಳ ನಡುವೆ ಒಲೆ, ತೊಟ್ಟಿಲು, ಚಹಾದಂಗಡಿ. ಕ್ಯಾಲೆಂಡರಿನವರಿಗೆ ಬೇಡವಾಗಿದ್ದ ಆ ಮನೆಗಳಿಗೇ ಒಂದಿಡೀ ರೋಲು ಖರ್ಚು ಮಾಡಿದರು. 2011ರಲ್ಲಿ ಬುಲ್ಡೋಜರು ಬಂದು ಆ ಸಂಸಾರಗಳನ್ನೆಲ್ಲ ಎಬ್ಬಿಸಿತು. ಅಕ್ಕನ ಮೊಮ್ಮಗಳು ಹೋದ ತಿಂಗಳು ಹಂಪಿಗೆ ಹೋಗಿಬಂದಳು. ಅವಳ ಚಿತ್ರಗಳಲ್ಲಿ ಮಂಟಪಗಳು ಖಾಲಿ, ಬೆಳಗಿನ ಬೆಳಕು ಬಂಗಾರ, ರಥದ ಮುಂದೆ ಮದುವೆಗೆ ಮುಂಚಿನ ಫೋಟೊಗೆ ನಿಂತ ಜೋಡಿಗಳ ಸಾಲು. ಚೆನ್ನಾಗಿವೆ. ಊರೇ ಇಲ್ಲದ ಊರಿನ ಹಾಗಿವೆ.

ಆಟೋಟ ಅಂದರೆ ನಮಗೆ ದಸರಾ ಕುಸ್ತಿ. ಯಾಶಿಕಾದಲ್ಲಿ ಮೇಲಿನಿಂದ ಬಗ್ಗಿ ನೋಡಬೇಕು, ಗಾಜಿನಲ್ಲಿ ಎಡಬಲ ಅದಲುಬದಲು. ಪೈಲ್ವಾನ ಬಲಕ್ಕೆ ಉರುಳಿದರೆ ನೋಟದಲ್ಲಿ ಎಡಕ್ಕೆ ಉರುಳುತ್ತಾನೆ. ಅದಕ್ಕೆ ಮೇಷ್ಟ್ರು ಹುಡ್ ಮಡಚಿ, ಅದರಲ್ಲಿನ ಚೌಕದ ಕಿಂಡಿಯಿಂದ ನೇರ ನೋಡುತ್ತಿದ್ದರು. ಫೋಕಸ್ಸು ಮೊದಲೇ ಅಳೆದಿಟ್ಟದ್ದು, ಷಟರು ಸೆಕೆಂಡಿನ ಐನೂರನೇ ಒಂದು ಭಾಗ, ಅದಕ್ಕಿಂತ ವೇಗ ಆ ಕ್ಯಾಮೆರಾದಲ್ಲಿ ಇರಲಿಲ್ಲ. ಹಾಗಾಗಿ ಪಟ್ಟು ಗೊತ್ತಿರಬೇಕಿತ್ತು. ಯಾವ ಪೈಲ್ವಾನ ಯಾವ ಗರಡಿಯವನು, ಅವನ ಉಸ್ತಾದ್ ಯಾರು, ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿಯಲ್ಲಿ ಅವನು ಎಷ್ಟು ಹೊತ್ತು ತಡೆದು ಯಾವಾಗ ಕಾಲಿಗೆ ಕೈ ಹಾಕುತ್ತಾನೆ, ಎಲ್ಲ. ಅದನ್ನು ತಿಳಿಯಲು ದಸರೆಗೆ ಮುಂಚೆ ವಾರಗಟ್ಟಲೆ ಬೆಳಗಿನ ಜಾವ ಗರಡಿಮನೆಗಳಿಗೆ ಹೋಗಿ ಕೂರುತ್ತಿದ್ದರು. ಬೆಂಗಳೂರಿನ ಪತ್ರಿಕೆಗೆ ಚಿತ್ರ ಮುಟ್ಟಿಸಬೇಕಾದರೆ ಒಣಗಿದ ಪ್ರಿಂಟನ್ನು ಕವರಿಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು.

ಮೊಮ್ಮಗಳ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ, ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಅವಳು ದಸರಾದಲ್ಲಿ ತೆಗೆದ ಮಹಿಳಾ ಕುಸ್ತಿಯ ಒಂದು ಚಿತ್ರವಿದೆ: ಎದುರಾಳಿಯ ಭುಜದ ಮೇಲಿಂದ ಕಾಣುವ ಒಂದು ಕಣ್ಣು, ಹುಬ್ಬಿನ ಬೆವರು ಇನ್ನೂ ಬಿದ್ದಿಲ್ಲ. ಮೇಷ್ಟ್ರು ಅಂಥದ್ದನ್ನು ಜನ್ಮದಲ್ಲಿ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. "ಆ ಹುಡುಗಿ ಯಾರಮ್ಮ?" ಎಂದೆ. ಹೆಸರು ಬರೆದುಕೊಂಡಿರಲಿಲ್ಲ. ಅಂಕ ಕೊಡುವವರೂ ಕೇಳಲಿಲ್ಲವಂತೆ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಹೆಸರು ಬರೆಯುವುದನ್ನು ಪಾಠದಿಂದಲೇ ತೆಗೆದುಹಾಕಿದವರ ಮೇಲೆ.

ಕಲರ್ ಬಂತು, ಬೀದಿ ಬೀದಿಗೆ ಲ್ಯಾಬು ಬಂತು, ಒಂದು ಗಂಟೆಯಲ್ಲಿ ಪ್ರಿಂಟು. ನಾನೂ ಒಂದು ಲ್ಯಾಬಿನಲ್ಲೇ ಸಂಬಳಕ್ಕೆ ಸೇರಿ ಮನೆ ನಡೆಸಿದೆ. ನೆಗೆಟಿವನ್ನು ಗಿರಾಕಿಯ ಕೈಗೇ ಕೊಟ್ಟು ಕಳಿಸುವ ರೂಢಿ ಶುರುವಾದದ್ದು ಆಗ. ಗೂಡು ಕಾಯುವ ಕೆಲಸ ತಪ್ಪಿತೆಂದು ಎಲ್ಲರೂ ಖುಷಿಪಟ್ಟರು. ಡಿಜಿಟಲ್ ಬರುವ ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಮಗನಿಗೆ ಅಂಗಡಿ ಬಾಡಿಗೆ ಬಾಕಿ, ಮನೆಯಲ್ಲಿ ಮದುವೆಗೆ ಬಂದ ಮಗಳು. ಕೋಣೆ ಖಾಲಿ ಮಾಡಲು ನನ್ನನ್ನೂ ಕರೆಸಿದ್ದರು.

ನೆಗೆಟಿವುಗಳಿಂದ ಬೆಳ್ಳಿ ತೆಗೆಯುವವನು ಬಂದಿದ್ದ. ಹಳೆಯ ಹೈಪೊ ಕೊಳ್ಳಲು ಮೊದಲಿನಿಂದಲೂ ಬರುತ್ತಿದ್ದವನೇ. ಪ್ರತಿ ಕಟ್ಟಿನಿಂದ ಒಂದೊಂದು ನೆಗೆಟಿವ್ ಎಳೆದು ಬೆಳಕಿಗೆ ಹಿಡಿದ. ಕಲರಿನದ್ದನ್ನು ಮೂಲೆಗೆ ಎಸೆದ. ಅದರಲ್ಲಿ ಬೆಳ್ಳಿ ಉಳಿದಿರುವುದಿಲ್ಲ. ಕಪ್ಪು ಬಿಳುಪಿನಲ್ಲೂ ಅವನಿಗೆ ಬೇಕಾದದ್ದು ದಟ್ಟಗೆ ಕಪ್ಪಾದವು. "ನಿಮ್ಮ ಯಜಮಾನರದ್ದೆಲ್ಲ ತೆಳುವು. ಬೆಳ್ಳಿ ಕಮ್ಮಿ" ಅಂದ. ಬೆಳಕನ್ನು ಅಳೆದು ತೂಗಿ ಕೊಟ್ಟ ನೆಗೆಟಿವ್ ತೆಳುವಾಗಿಯೇ ಇರುತ್ತದೆ, ಅದೇ ಅವರ ವಿದ್ಯೆ. ಆ ವಿದ್ಯೆಗೆ ಅವನು ಕಿಲೋಗೆ ಐದು ರೂಪಾಯಿ ಇಳಿಸಿದ. ಮಗ ಮೂರು ಇಳಿಸಿಕೋ ಅಂದ. ನಾಲ್ಕಕ್ಕೆ ಮುಗಿಯಿತು. ಗಾಜಿನ ಪ್ಲೇಟುಗಳನ್ನು ಫ್ರೇಮು ಕಟ್ಟುವವನು ಒಯ್ದ. ಬಿಸಿನೀರು ಸೋಡಾದಲ್ಲಿ ತೊಳೆದರೆ ಚಿತ್ರ ಕಳಚಿಕೊಂಡು ಒಳ್ಳೆಯ ಗಾಜು ಸಿಗುತ್ತದೆ. ಊರಿನ ಎಷ್ಟೋ ದೇವರ ಪಟಗಳ ಮುಂದೆ ಈಗಲೂ ಆ ಗಾಜೇ ಇದ್ದೀತು. ರಿಜಿಸ್ಟರುಗಳು ಯಾರಿಗೂ ಬೇಡವಾಗಿದ್ದವು. ಅವನ್ನು ನಾನು ಮನೆಗೆ ತಂದೆ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಕರಾರಿನ ಸಾಲು ತೆಗೆಯುತ್ತೇನೆ ಅನ್ನಲಿಲ್ಲ, ಹಾರ್ಡ್‌ಡಿಸ್ಕಿನ ಬೆಲೆ ಹೇಳಿದಳು. ಆಮೇಲೆ ರಿಜಿಸ್ಟರು ತಿರುವಿಹಾಕುತ್ತ, "ದಸರಾ ಕುಸ್ತಿ ಅಂತ ಇಷ್ಟೊಂದು ನಂಬರ್ ಇದೆಯಲ್ಲ ತಾತ, ಪ್ರಿಂಟ್ ಯಾರ ಹತ್ರ ಇರುತ್ತೆ?" ಎಂದು ಕೇಳಿದಳು.

ಗರಡಿಮನೆಗಳ ಗೋಡೆಗಳಲ್ಲಿ. ಮೇಷ್ಟ್ರು ಪ್ರತಿ ಗೆಲುವಿಗೂ ಒಂದು ಪ್ರತಿ ಗರಡಿಗೆ ಕೊಡುತ್ತಿದ್ದರು. ಈಗ ಭಾನುವಾರಗಳಂದು ನಾವಿಬ್ಬರೂ ಹೋಗುತ್ತಿದ್ದೇವೆ. ಆಂಜನೇಯನ ಪಟದ ಅಕ್ಕಪಕ್ಕ ತೂಗಿರುವ ಫ್ರೇಮುಗಳನ್ನು ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಅವಳು ಬೆನ್ನಿನ ನಂಬರು ಓದುತ್ತಾಳೆ, ನಾನು ಹೆಸರು ಹುಡುಕುತ್ತೇನೆ. ಹೋದ ವಾರ ಬೆಳ್ಳಿ ಗದೆ ಹಿಡಿದ ಒಬ್ಬನ ಹೆಸರನ್ನು ನಾನು ಓದಿದ್ದೇ ತಡ, ಅಲ್ಲಿನ ಉಸ್ತಾದರು ಒಪ್ಪಲೇ ಇಲ್ಲ. ಅವನಲ್ಲ, ಅವನ ಅಣ್ಣ ಅಂದರು. ಇನ್ನೊಬ್ಬ ಹಿರಿಯರು ಇಬ್ಬರೂ ಅಲ್ಲ, ಆ ಕಿವಿ ನೋಡಿ, ಅದು ನಮ್ಮ ಮಾವನ ಕಿವಿ ಅಂದರು. ಮೊಮ್ಮಗಳು ಮೂರೂ ಹೆಸರುಗಳನ್ನು ಬರೆದುಕೊಂಡು, ಆ ಅಣ್ಣನ ಮನೆ ಎಲ್ಲಿ ಎಂದು ವಿಳಾಸ ಕೇಳುತ್ತಿದ್ದಳು.