ಮ್ಯೂಸಿಯಮ್ ನೋಡಿಕೊಂಡು ಅತ್ತೆಯ ತವರಿಗೆ

ದಸರಾ ರಜೆ ಬಂತೆಂದರೆ ನಿಮ್ಮ ಮನೆಯಲ್ಲೂ ಇದೇ ಗಲಾಟೆ ಇರಬೇಕು, ಅಲ್ಲವೇ? ಮಗನಿಗೆ ಸಮುದ್ರ ಬೇಕು, ಮಗಳಿಗೆ ಊಟಿ. ನಮ್ಮವರಿಗೆ ಮನೆಯಲ್ಲಿ ಮಲಗಿದ್ದರೆ ಸಾಕು. ನನಗೆ ಬೇರೊಂದು ಯೋಚನೆ. ಕೊಪ್ಪದ ಹತ್ತಿರದ ತಮ್ಮ ತವರಿಗೆ ನಮ್ಮ ಅತ್ತೆ ಆರು ವರ್ಷದಿಂದ ಕಾಲಿಟ್ಟಿರಲಿಲ್ಲ. ಹಳೇ ಮನೆ ಕೆಡವುವಾಗ ಅವರ ತಮ್ಮ ಅಟ್ಟದ ಮೇಲಿದ್ದ ಹಂಡೆ, ಕೊಳಗವನ್ನೆಲ್ಲ ಇವರನ್ನೊಂದು ಮಾತೂ ಕೇಳದೆ ಗುಜರಿಗೆ ಹಾಕಿದ್ದರು. ಅಂದಿನಿಂದ ಮಾತಿಲ್ಲ. ಈಗ ಅವರಿಗೆ ಮಂಡಿ ಆಪರೇಷನ್ ಆಗಿದೆ ಅಂದರೂ ಅತ್ತೆ "ನಾ ಬರಲ್ಲ" ಅಂದುಬಿಟ್ಟರು.

"ಮಕ್ಕಳಿಗೆ ಮ್ಯೂಸಿಯಮ್ ತೋರಿಸೋಣ, ಶಿವಮೊಗ್ಗ, ಕುಪ್ಪಳಿ, ಆಮೇಲೆ ಕೆಳದಿ" ಎಂದು ನೆಪ ಹೂಡಿದೆ. ಕುಪ್ಪಳಿಯ ಪಕ್ಕದಲ್ಲೇ ಕೊಪ್ಪ ಎಂದು ಅವರಿಗೆ ಗೊತ್ತಿಲ್ಲವೇ? ಏನೂ ಹೇಳದೆ ಬ್ಯಾಗಿಗೆ ಹೊಸ ಸೀರೆಯೊಂದನ್ನು ಇಟ್ಟುಕೊಂಡರು.

ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟೆವು. ತಿಪಟೂರು, ಅರಸೀಕೆರೆ, ತರೀಕೆರೆ ದಾಟಿ ಸುಮಾರು 300 ಕಿಲೋಮೀಟರು. (ಸರ್ಕಾರಿ ಮ್ಯೂಸಿಯಮ್‌ಗಳಿಗೆ ಸಾಮಾನ್ಯವಾಗಿ ಸೋಮವಾರ ರಜ, ದಿನ ನೋಡಿ ಹೊರಡಿ.)

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮರದ ಕಂಬಗಳು ಚೆಂದವೇ. ಆದರೆ ನೀವು ಹೋದರೆ ಅಂಗಳದ ಕಲ್ಲುಗಳ ಮುಂದೆ ನಿಲ್ಲಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಮಹಾಸತಿಕಲ್ಲಿನಲ್ಲಿ ಮಡಿಸಿ ಎತ್ತಿದ ಒಂದು ಕೈ. "ಅವಳ ಹೆಸರೇನಜ್ಜೀ?" ಎಂದಳು ಮಗಳು. ಅತ್ತೆ ಕಲ್ಲನ್ನೇ ನೋಡುತ್ತಾ, "ಹೆಸರೆಲ್ಲಿದೆ, ಬಳೆ ಮಾತ್ರ ಇದೆ" ಅಂದರು.

ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ಮರುದಿನ ಕುಪ್ಪಳಿಯ ಕವಿಮನೆಗೆ ಹೋದೆವು. ಕುವೆಂಪು ಬೆಳೆದ ಮನೆ. ಅವರು 1904ರಲ್ಲಿ ಹುಟ್ಟಿದ್ದು ಮಾತ್ರ ತಾಯಿಯ ತವರಿನಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. "ಹಾಗಾದ್ರೆ ನಮ್ಮ ಕಡೆಯೋರೇ!" ಎಂದು ಅತ್ತೆಗೆ ಜಂಬ. ಹಳೇ ಕಾಲದ ಮನೆಸಾಮಾನಿನ ಹತ್ತಿರ ಬಂದದ್ದೇ ತಡ, ಅವರೇ ಗೈಡ್ ಆದರು. ಇದು ಯಾತಕ್ಕೆ, ಅದನ್ನು ಹೇಗೆ ಹಿಡಿಯೋದು ಎಂದು ಕೈಯಲ್ಲೇ ಮಾಡಿ ತೋರಿಸಿದರು. ಯಾರ್ಯಾರದೋ ಮಕ್ಕಳು ಸುತ್ತ ನಿಂತವು. ಮಜ್ಜಿಗೆ ಕಡೆಯುವ ಕಡಗೋಲಿನ ಮುಂದೆ ಮಾತ್ರ ಅವರ ಮಾತು ನಿಂತಿತು.

"ನಮ್ಮಮ್ಮನ್ದೂ ಹೀಗೇ ಇತ್ತು. ಇಲ್ಲಿ ದುಡ್ಡು ಕೊಟ್ಟು ನೋಡ್ತಾರೆ. ನಮ್ಮಲ್ಲಿ ಎಲ್ಲಾ ಕೇಜಿ ಲೆಕ್ಕದಲ್ಲಿ ಹೋಯ್ತು."

ನನಗೂ ಚುರ್ ಎಂದಿತು. ನಮ್ಮ ತಾಯಿಯ ಹಿತ್ತಾಳೆ ಪಾತ್ರೆಗಳನ್ನು ಕೊಟ್ಟು ಸ್ಟೀಲ್ ಡಬ್ಬಿ ತಂದವಳು ನಾನೇ. ತಮ್ಮನನ್ನು ಬೈಯುವ ಬಾಯಿ ನನಗೆಲ್ಲಿದೆ?

ಸಂಜೆ ಕವಿಶೈಲ ಹತ್ತಿದೆವು. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿ ಅಲ್ಲೇ ಇದೆ. ಸುತ್ತ ಕಾಡು, ಮೇಲೆ ಗಾಳಿ. ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡ ಅತ್ತೆ, "ಕತ್ತಲಾಗೋದ್ರೊಳಗೆ ಕೊಪ್ಪ ಸೇರ್ತೀವೇನೇ?" ಎಂದು ಕೇಳಿದರು.

ನಾವು ಹೋದಾಗ ಅವರ ತಮ್ಮ ಊರುಗೋಲು ಹಿಡಿದು ಬಾಗಿಲಿಗೆ ಬಂದರು. ಇಬ್ಬರೂ ಸುಮ್ಮನೆ. ಕಾಫಿಯಾದ ಮೇಲೆ ಅವರೇ ಕೊಟ್ಟಿಗೆಯ ಮೂಲೆಯಿಂದ ಧೂಳು ಹಿಡಿದ ಕಡಗೋಲು ತಂದು ಅಕ್ಕನ ಮುಂದಿಟ್ಟರು.

"ಮರದ್ದಲ್ವಾ ಅಕ್ಕ, ಗುಜರಿಯೋನು ಬೇಡ ಅಂದ."

ಅತ್ತೆ ಸೆರಗಿನಿಂದ ಧೂಳೊರೆಸಿದರು. "ಹಗ್ಗ ಎಲ್ಲೋ?" ಅಂದರು.

ಒಂದು ದಿನಕ್ಕೆಂದು ಹೋದವರು ಮೂರು ದಿನ ಉಳಿದೆವು. ತಾಳೆಗರಿ ಗ್ರಂಥಗಳಿರುವ ಕೆಳದಿಯ ಮ್ಯೂಸಿಯಮ್ ಈ ಸಲ ನೋಡಲಾಗಲೇ ಇಲ್ಲ.