ಕೆಂಪು ಡಬ್ಬಿ ಡಿಸ್ಕು

ಡಿವಿಡಿ ಎಲ್ಲಾರಿಗೂ ಗೊತ್ತದ, ಬ್ಲೂ-ರೇ ಹೆಸರೂ ಕೇಳಿರ್ತೀರಿ. ಇವೆರಡರ ನಡುವ ಎಚ್‌ಡಿ ಡಿವಿಡಿ ಅಂತ ಇನ್ನೊಂದು ಇತ್ತು. 2006ರಾಗ ತೋಶಿಬಾದವರು ಪ್ಯಾಟಿಗೆ ತಂದ್ರು, ಸೋನಿಯವರ ಬ್ಲೂ-ರೇ ಜೋಡಿ ಜಿದ್ದಿಗೆ ಬಿದ್ರು, 2008ರ ಫೆಬ್ರುವರಿಯೊಳಗ ಸಾಕಪ್ಪಾ ಅಂತ ಕೈ ಚೆಲ್ಲಿದ್ರು. ನಮ್ಮ ಕಡೆ ಅದನ್ನ ಕಣ್ಣಿಲೆ ಕಂಡವರೇ ಕಡಿಮಿ. ಆದ್ರ ಅಷ್ಟೊತ್ತಿಗೆ ನಮ್ಮ ಭಾವನವರು ನ್ಯೂಜೆರ್ಸಿಯೊಳಗ ಇದ್ರು. ಹೊಸಾ ಮಷಿನ್ ಏನೇ ಬರಲಿ, ಮೊದಲು ಅವರ ಮನಿಗೇ ಬರಬೇಕು!

ಮೊನ್ನೆ ಅವರು ಅಲ್ಲಿ ಮನಿ ಖಾಲಿ ಮಾಡಿ ಬಂದ್ರಲ್ಲ, ಒಂದು ಪೆಟ್ಟಿಗಿ ನನ್ನ ಮುಂದ ಇಟ್ರು. ಅರ್ಧಕ್ಕರ್ಧ ಕೆಂಪು ಡಬ್ಬಿ ಸಿನಿಮಾ. ಉಳಿದ ನಾಕರ ಮ್ಯಾಲೆ ಪೆನ್ನಿಲೆ "ಮುಂಜವಿ 2007" ಅಂತ ಬರದಿತ್ತು. ಮಗನ ಮುಂಜವಿಗೆ ನಮ್ಮ ಅತ್ತಿಯವರು ಅಲ್ಲಿ ಹೋಗಿದ್ರು. ಅತ್ತಿಯವರು ಹಾಡಿದ್ದು ನಮ್ಮ ಹತ್ರ ಬ್ಯಾರೆಲ್ಲೂ ಇಲ್ಲ. ನಮ್ಮನಿಯವರು "ಇನ್ನೇನು ನಡೀತದ, ಭಂಗಾರಿಗೆ ಹಾಕು" ಅಂದ್ರು. ನಾ ಹಾಕಲಿಲ್ಲ.

ಸಿನಿಮಾ ಡಿಸ್ಕ್ ಸಾದಾ ಡಿವಿಡಿ ಡ್ರೈವಿನ್ಯಾಗ ನಡ್ಯಂಗಿಲ್ಲ. ಸಾದಾ ಡ್ರೈವಿಂದು ಕೆಂಪು ಲೇಸರ್, ಇದಕ್ಕ ಬೇಕಾದದ್ದು ನೀಲಿ. ದಬ್ಬಣದಿಂದ ರವಿಕಿಗೆ ಹೆಮ್ಮಿಂಗ್ ಮಾಡಾಕ ಆಗ್ತದೇನು? ಹಂಗಂತ ಬ್ಲೂ-ರೇ ಡ್ರೈವಿನ್ಯಾಗ ಹಾಕಿದ್ರೂ ಆಗಂಗಿಲ್ಲ. ಬೆಳಕು ಅದೇ ಇದ್ರೂ ಬರಹ ಇರೋ ಆಳ ಬ್ಯಾರೆ: ಬ್ಲೂ-ರೇದಾಗ 0.1 ಮಿಲಿಮೀಟರ್ ಕೆಳಗ, ಇದರಾಗ 0.6. ಎಲ್‌ಜಿಯವರ ಒಂದೆರಡು ಡ್ರೈವ್ ಎರಡನ್ನೂ ಓದ್ತಿದ್ವು. ಎಕ್ಸ್‌ಬಾಕ್ಸ್ 360 ಆಟದ ಮಷಿನ್ನಿಗೆ ಅಂತ ಮಾಡಿದ ಎಚ್‌ಡಿ ಡಿವಿಡಿ ಡ್ರೈವನ್ನ ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಹಚ್ಚಬಹುದು. ಭಾವನವರ ಹತ್ರ ಅದ ಇತ್ತು. ಮ್ಯಾಲೆ ಸಿನಿಮಾಕ್ಕೊಂದು ಬೀಗ ಬ್ಯಾರೆ, ಅದನ್ನ ತಗದು ತೋರಸೋ ಹಳೇ ಪವರ್‌ಡಿವಿಡಿ ಬೇಕು, ಹೊಸಾದ್ರಾಗ ಆ ಸೌಲಭ್ಯ ತಗದಾರ. ನನಗ ಸಿನಿಮಾದ ಗೊಡವಿ ಬ್ಯಾಡಾಗಿತ್ತು, ಅಲ್ಲಿಗೇ ಬಿಟ್ಟೆ. (ಕೆಲವೊಂದು ಡಿಸ್ಕಿನ ಬೆನ್ನಿಗೆ ಸಾದಾ ಡಿವಿಡಿನೂ ಇರ್ತದ. ನಿಮ್ಮನ್ಯಾಗ ಇದ್ರ ಮೊದಲು ಮಗಚಿ ನೋಡ್ರಿ.)

ಮುಂಜವಿದು ಮಜಾ ಬ್ಯಾರೆ. ಅದು ಸಾದಾ ಖಾಲಿ ಡಿವಿಡಿ ಮ್ಯಾಲೆ ಎಚ್‌ಡಿ ಡಿವಿಡಿ ರೀತಿ ಬರದದ್ದು, ಆಗ ಹಂಗ ಮಾಡೋ ಸಾಫ್ಟ್‌ವೇರ್ ಇದ್ವು. ಟಿವಿಯ ಪ್ಲೇಯರಿಗೆ ಅದು ತಿಳ್ಯಂಗಿಲ್ಲ, ಆದ್ರ ಕಂಪ್ಯೂಟರಿನ ಸಾದಾ ಡ್ರೈವ್ ಓದ್ತದ. ವಿಂಡೋಸ್ ಎಕ್ಸ್‌ಪಿ ಇದ್ದ ಹಳೇದು ಖಾಲಿ ಅಂತ ತೋರಿಸ್ತು, ಹೊಸಾದ್ರಾಗ ಫೋಲ್ಡರ್ ತಗೀತು. ಒಳಗ ಇವಿಓ ಅಂತ ಮುಗಿಯೋ ಫೈಲ್. ಅವನ್ನ ವಿಎಲ್‌ಸಿಗೆ ಕೊಟ್ಟೆ, ನಡೀತು! ಚಿತ್ರ ಅಷ್ಟು ಸ್ವಚ್ಛ ಇದ್ದದ್ದಕ್ಕ ಒಂದು ಡಿಸ್ಕಿಗೆ 20–25 ನಿಮಿಷ ಅಷ್ಟ ಹಿಡೀತದ, ಅದಕ್ಕ ನಾಕು ಡಿಸ್ಕ್.

ಮೂರು ಸುಸೂತ್ರ ಕಾಪಿ ಆದ್ವು. ನಾಕನೇದು ನಮ್ಮ ಡ್ರೈವ್ ಗರಗರ ಅಂದು ಉಗುಳ್ತು. ಎದುರುಮನಿ ವೈನಿಯವರ ಹಳೇ ಕಂಪ್ಯೂಟರಿನ್ಯಾಗ ಹಾಕಿದ್ರ ಓದ್ತು, ನಡುವಿನ ಎರಡು ನಿಮಿಷ ಬಿಟ್ಟು. ಆ ಡಿಸ್ಕಿನ್ಯಾಗೇ ಆರತಿ ಅದ. ಅತ್ತಿಯವರು ಮೊದಲನೇ ನುಡಿ ಹಾಡ್ತಾರ, ನಡುವ ನಿಲ್ಲಿಸಿ "ಆ ಕುಕ್ಕರ್ ಆರಸ್ರೆವಾ ಯಾರರ" ಅಂತಾರ, ಮತ್ತ ಹಾಡಾಕ ಹತ್ತತಾರ, ಚಿತ್ರ ಚೌಕ ಚೌಕ ಆಗಿ ನಿಲ್ತದ. ಮುಂದ ನೇರ ಮಂಗಳ.

ಪೆನ್‌ಡ್ರೈವಿಗೆ ಹಾಕಿಟ್ಟೇನಿ, ಬೇಕಾದವರು ಬಂದು ಒಯ್ರಿ. ಅಕ್ಕಾ, ಮಾವಶಿ, ನೀವು ಅವರ ಜೋಡಿ ಕೂತು ಹಾಡಿದವರು. ಆ ಎರಡನೇ ನುಡಿ ನೆನಪಿದ್ರ ಫೋನಿನ್ಯಾಗ ಹಾಡಿ ಕಳಸ್ರಿ.